ಫೈನಲ್ ವಾರ: ಕಪ್ ಪಂದ್ಯಕ್ಕೆ ಫುಟ್ಬಾಲ್ ತಂಡವನ್ನು ಹದಕ್ಕೆ ತರುವ ಬಗೆ

ಮೈಸೂರು, ಮಂಡ್ಯ ಕಡೆಯ ಕ್ಲಬ್ಬು ಮತ್ತು ಕಾಲೇಜು ತಂಡ ನೋಡಿಕೊಳ್ಳುವವರು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: "ಸೆಮಿಫೈನಲ್‌ವರೆಗೂ ಹುಲಿ ಥರ ಆಡಿದ ಹುಡುಗರು ಫೈನಲ್‌ನಲ್ಲಿ ಬಾಲ್ ನಿಲ್ಲಿಸೋಕೂ ತಡವರಿಸ್ತಾರೆ. ಏನು ಹೇಳಿ ಹುರಿದುಂಬಿಸಬೇಕು ಸಾರ್?"

ಹೆಚ್ಚಿನ ಸಲ ಹುರಿದುಂಬಿಸುವ ಅಗತ್ಯವೇ ಇರುವುದಿಲ್ಲ. ಫೈನಲ್ ಅನ್ನುವ ಪದವೇ ಹುಡುಗರ ಮೈಯಲ್ಲಿ ಸಾಕಷ್ಟು ಕಾವು ಎಬ್ಬಿಸಿರುತ್ತದೆ. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರನ್ನು ಗಮನಿಸಿ. ಪಾಕ ಹದಕ್ಕೆ ಬರುವ ಹೊತ್ತಿಗೆ ಅವರು ಒಲೆಗೆ ಕಬ್ಬಿನ ಸಿಪ್ಪೆ ತುಂಬುವುದನ್ನು ನಿಲ್ಲಿಸಿರುತ್ತಾರೆ, ಇಲ್ಲದಿದ್ದರೆ ಬೆಲ್ಲ ಸೀದು ಕಪ್ಪಾಗುತ್ತದೆ. ಫೈನಲ್ ವಾರದಲ್ಲಿ ಕೋಚ್ ಮಾಡಬೇಕಾದ್ದೂ ಅದನ್ನೇ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2009ರಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್ ರೋಮ್‌ನಲ್ಲಿ ನಡೆದಾಗ ಬಾರ್ಸಿಲೋನಾದ ಕೋಚ್ ಗಾರ್ಡಿಯೊಲಾ, ಮೈದಾನಕ್ಕೆ ಇಳಿಯುವ ಸ್ವಲ್ಪ ಮುಂಚೆ ಆಟಗಾರರಿಗೆ ಒಂದು ವಿಡಿಯೊ ತೋರಿಸಿದರು. ಸಿನಿಮಾ ದೃಶ್ಯಗಳ ಜೊತೆ ಅವರವರದೇ ಆಟದ ತುಣುಕು ಬೆರೆಸಿ ಮಾಡಿದ್ದು. ಕೆಲವರು ಕಣ್ಣೀರು ಒರೆಸಿಕೊಂಡೇ ಹೊರಗೆ ಬಂದರು. ಮೊದಲ ಹತ್ತು ನಿಮಿಷ ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು ಹಿಡಿದು ಅಲ್ಲಾಡಿಸಿತು. ಎಟೊ ಹೊಡೆದ ಗೋಲಿನಿಂದ ಪಂದ್ಯ ತಿರುಗಿ ಬಾರ್ಸಿಲೋನಾ 2-0ಯಿಂದ ಗೆದ್ದಿತು ಅನ್ನುವುದು ನಿಜ. ಆದರೆ ಆ ಹತ್ತು ನಿಮಿಷದಲ್ಲಿ ನಮ್ಮ ಊರಿನ ತಂಡ ಎರಡು ಗೋಲು ತಿಂದಿರುತ್ತಿತ್ತು.

ಒಂದು ಪದ ಮೊದಲೇ ಸ್ಪಷ್ಟವಾಗಲಿ. ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಅಂದರೆ ತಂಡ ಆರಿಸಿ, ತಂತ್ರ ಹೂಡಿ, ಬೆಂಚಿನ ಪಕ್ಕ ನಿಲ್ಲುವವರು. ನಮ್ಮಲ್ಲಿ ಆ ಕೆಲಸ ಕೋಚ್‌ದು. ನಮ್ಮ ಮ್ಯಾನೇಜರ್ ಬಸ್ಸು, ಊಟ, ಫಾರಂ ನೋಡುತ್ತಾರೆ. ಕೆಳಗಿನದೆಲ್ಲ ಕೋಚ್‌ಗೆ ಹೇಳಿದ್ದು. ಇಬ್ಬರೂ ನೀವೇ ಆಗಿದ್ದರೆ, ಫೈನಲ್ ವಾರದ ಮಟ್ಟಿಗಾದರೂ ಬಸ್ಸು ಮತ್ತು ಊಟವನ್ನು ಬೇರೆಯವರಿಗೆ ಒಪ್ಪಿಸಿ.

ಕೈಯಲ್ಲಿ ಇರಬೇಕಾದ್ದು

ನಾಲ್ಕು ದೊಡ್ಡ ಬಿಳಿ ಹಾಳೆ, ಎರಡು ಮಾರ್ಕರ್, ಗೋಡೆಗೆ ಅಂಟಿಸಲು ಟೇಪು, ಪ್ಲಾಸ್ಟಿಕ್ ಕವರ್, ಒಂದು ಬಾಲ್‌ಪೆನ್ನು, ಗಡಿಯಾರ. ಪ್ರೊಜೆಕ್ಟರ್, ಟ್ಯಾಬ್ ಇದ್ದರೆ ಇರಲಿ, ಇಲ್ಲದಿದ್ದರೂ ನಷ್ಟವಿಲ್ಲ.

ಹಂತ 1. ಏಳು ದಿನ ಮೊದಲು: ನಿಯಮವನ್ನು ಬರಹದಲ್ಲಿ ಪಡೆಯಿರಿ

ಟೂರ್ನಿ ಸಮಿತಿಯಿಂದ ಐದು ವಿಷಯ ಕೇಳಿ ಬರೆದಿಟ್ಟುಕೊಳ್ಳಿ. ಒಂದು ಅವಧಿ ಎಷ್ಟು ನಿಮಿಷ (45 ಇರಬಹುದು, ಸ್ಥಳೀಯ ಟೂರ್ನಿಯಲ್ಲಿ 30 ಅಥವಾ 35 ಇರಬಹುದು)? ಎಷ್ಟು ಸಬ್ (ಬದಲಿ ಆಟಗಾರ), ಹೊರಗೆ ಬಂದವನು ಮತ್ತೆ ಒಳಗೆ ಹೋಗಬಹುದೇ? ಸಮ ಆದರೆ ಹೆಚ್ಚುವರಿ ಸಮಯವೋ, ನೇರ ಪೆನಾಲ್ಟಿಯೋ? ಸೆಮಿಫೈನಲ್‌ನ ಹಳದಿ ಕಾರ್ಡ್ ಲೆಕ್ಕಕ್ಕೆ ಬರುತ್ತದೆಯೇ? ಆಟಗಾರರ ಗುರುತಿನ ಯಾವ ದಾಖಲೆ ತರಬೇಕು?

ನಾಲ್ಕನೆಯದನ್ನು ಉಡಾಫೆ ಮಾಡಿ, ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಸೆಂಟರ್‌ಬ್ಯಾಕ್ ಆಡುವಂತಿಲ್ಲ ಎಂದು ಗೊತ್ತಾಗುವ ತಂಡಗಳು ಕಮ್ಮಿಯಿಲ್ಲ.

ಅದೇ ದಿನ ಫೈನಲ್ ಮೈದಾನಕ್ಕೆ, ಪಂದ್ಯ ಶುರುವಾಗುವ ಹೊತ್ತಿಗೇ ಹೋಗಿ ನೋಡಿ. ಸಂಜೆ 4ಕ್ಕೆ ಶುರುವಾದ 90 ನಿಮಿಷದ ಪಂದ್ಯದ ಎರಡನೇ ಅವಧಿ ಸುಮಾರು 5ರಿಂದ 5.50ರವರೆಗೆ ನಡೆಯುತ್ತದೆ. ದಸರಾ ಆಸುಪಾಸಿನಲ್ಲಿ ಆ ಹೊತ್ತಿಗೆ ಸೂರ್ಯ ಪಡುವಣದಲ್ಲಿ ಕೆಳಗಿಳಿದಿರುತ್ತಾನೆ. ಗೋಲ್‌ಪೋಸ್ಟ್‌ಗಳು ಪೂರ್ವ ಪಶ್ಚಿಮಕ್ಕಿದ್ದರೆ ಒಬ್ಬ ಕೀಪರ್‌ಗೆ ಎತ್ತರದ ಬಾಲ್ ಕಾಣುವುದಿಲ್ಲ. 2019ರಿಂದ ಟಾಸ್ ಗೆದ್ದವರು ಬೇಕಾದ ಬದಿಯನ್ನಾದರೂ ಆರಿಸಬಹುದು, ಮೊದಲ ಒದೆತವನ್ನಾದರೂ ಆರಿಸಬಹುದು. ಮೊದಲ ಅವಧಿಯಲ್ಲಿ ನಿಮ್ಮ ಕೀಪರ್ ಸೂರ್ಯನಿಗೆ ಎದುರಾಗಿ ನಿಲ್ಲಲಿ, ಆಗ ಬಿಸಿಲು ಇನ್ನೂ ಮೇಲಿರುತ್ತದೆ. ಎರಡನೇ ಅವಧಿಯಲ್ಲಿ ಕಷ್ಟ ಎದುರಾಳಿ ಕೀಪರ್‌ಗೆ. ಇದನ್ನು ಕ್ಯಾಪ್ಟನ್‌ಗೆ ಮೊದಲೇ ಹೇಳಿಡಿ.

ನೆಲ ಗಟ್ಟಿ ಇದ್ದರೆ ಗಿಡ್ಡ ರಬ್ಬರ್ ಗುಬ್ಬಿಯ (ಸ್ಟಡ್) ಬೂಟು ಸಾಕು. ಅಭಿಮಾನಿಗಳೋ ದಾನಿಗಳೋ ಫೈನಲ್‌ಗೆಂದು ಹೊಸ ಬೂಟು ಕೊಡಿಸಿದರೆ ತೆಗೆದುಕೊಳ್ಳಿ, ಆದರೆ ಆ ದಿನ ಹಾಕಿಸಬೇಡಿ. ಎರಡು ವಾರ ಪಳಗದ ಬೂಟು ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಹೊಸ ಜೆರ್ಸಿಗೆ ಅಡ್ಡಿಯಿಲ್ಲ.

ಹಂತ 2. ಎದುರಾಳಿಯ ಬಗ್ಗೆ ಒಂದೇ ಹಾಳೆ

ಅವರ ಸೆಮಿಫೈನಲ್‌ಗೆ ನೀವು, ಇಲ್ಲವೇ ಸಹಾಯಕ ಹೋಗಿ ಕೂರಲಿ. ಬಾಲ್ ನೋಡುತ್ತ ಕೂತರೆ ಪ್ರೇಕ್ಷಕರಾಗಿಬಿಡುತ್ತೀರಿ. ಇವನ್ನು ಗುರುತು ಹಾಕಿಕೊಳ್ಳಿ: ಕೀಪರ್ ಯಾವ ಕಾಲಿನಿಂದ ಒದೆಯುತ್ತಾನೆ, ಕ್ರಾಸ್‌ಗೆ ಮುಂದೆ ಬರುತ್ತಾನೋ ಗೆರೆ ಬಿಡುವುದಿಲ್ಲವೋ, ಕಾರ್ನರ್‌ನಲ್ಲಿ ಯಾವ ನಂಬರಿನವನು ತಲೆ ಕೊಡುತ್ತಾನೆ, ಬಾಲ್ ಕಳೆದುಕೊಂಡ ಮೊದಲ ಐದು ಸೆಕೆಂಡಿನಲ್ಲಿ ಮೇಲೆ ಬೀಳುತ್ತಾರೋ ಹಿಂದೆ ಸರಿಯುತ್ತಾರೋ, ಅರವತ್ತನೇ ನಿಮಿಷದ ನಂತರ ಯಾರು ನಡೆಯಲು ಶುರು ಮಾಡುತ್ತಾರೆ.

ನಿಮ್ಮ ಹಾಳೆಯಲ್ಲಿ ಇಪ್ಪತ್ತು ಅಂಶ ಇರಲಿ, ಹುಡುಗರಿಗೆ ತಲುಪಬೇಕಾದ್ದು ಮೂರೇ. ಎಲ್ಲವನ್ನೂ ಹೇಳಿದರೆ ಎದುರಾಳಿ ರಾಕ್ಷಸರ ಹಾಗೆ ಕಾಣತೊಡಗುತ್ತಾರೆ.

ಹಂತ 3. ಅಭ್ಯಾಸದ ಪ್ರಮಾಣ ಇಳಿಸಿ, ವೇಗ ಇಳಿಸಬೇಡಿ

ಇದನ್ನು ಟೇಪರ್ ಅನ್ನುತ್ತಾರೆ. ಪಂದ್ಯ ಹತ್ತಿರವಾದಂತೆ ಅಭ್ಯಾಸದ ಹೊತ್ತನ್ನು ಹೆಚ್ಚುಕಮ್ಮಿ ಅರ್ಧಕ್ಕೆ ತಂದು, ಓಟದ ಚುರುಕು ಮಾತ್ರ ಹಾಗೇ ಉಳಿಸುವ ಕ್ರಮ. ಪಂದ್ಯ ಭಾನುವಾರ ಎಂದಿಟ್ಟುಕೊಳ್ಳಿ.

ಬುಧವಾರ ಗಟ್ಟಿ ದಿನ. ಅರ್ಧ ಮೈದಾನದಲ್ಲಿ ಎಂಟೆಂಟು ಜನ, ಆರು ನಿಮಿಷದ ನಾಲ್ಕು ಆಟ, ನಡುವೆ ಮೂರು ನಿಮಿಷ ಬಿಡುವು. ಗುರುವಾರ ಒಂದು ಗಂಟೆ, ಹನ್ನೊಂದು ಜನರನ್ನು ಅವರವರ ಜಾಗದಲ್ಲಿ ನಿಲ್ಲಿಸಿ, ಅರ್ಧ ಹೊತ್ತು ಕಾರ್ನರ್ ಮತ್ತು ಫ್ರೀಕಿಕ್‌ಗೆ. ಶುಕ್ರವಾರ ರಜೆ, ಅಥವಾ ಮೈ ಸಡಿಲಿಸುವ ಅರ್ಧ ಗಂಟೆ. ಶನಿವಾರ 35 ನಿಮಿಷ: ರೊಂಡೊ (ಸುತ್ತ ನಿಂತವರು ಒಂದೆರಡು ಟಚ್‌ನಲ್ಲಿ ಪಾಸು ಮಾಡುತ್ತಾರೆ, ನಡುವಿನ ಇಬ್ಬರು ಬಾಲ್ ಕಸಿಯುತ್ತಾರೆ), 20 ಮೀಟರಿನ ಐದು ಓಟ, ಪೆನಾಲ್ಟಿ, ಮನೆಗೆ.

ಸೆಮಿಫೈನಲ್ ಶನಿವಾರ, ಫೈನಲ್ ಭಾನುವಾರ ಇರುವ ವಾರಾಂತ್ಯದ ಟೂರ್ನಿಯಾದರೆ ಅಭ್ಯಾಸದ ಮಾತೇ ಬೇಡ. ಪಂದ್ಯ ಮುಗಿದ ಒಂದು ಗಂಟೆಯೊಳಗೆ ಹೊಟ್ಟೆ ತುಂಬ ಊಟ, ರಾತ್ರಿ ಬೇಗ ನಿದ್ದೆ, ಬೆಳಿಗ್ಗೆ 15 ನಿಮಿಷ ನಡಿಗೆ. ಕಾರ್ನರ್ ಜಾಗಗಳನ್ನು ನಡೆದಾಡುತ್ತಲೇ ತೋರಿಸಿ.

ಎಚ್ಚರಿಕೆ: ಮೈಸೂರಿನ ತಂಡಗಳಿಗೊಂದು ಚಟವಿದೆ, ಫೈನಲ್‌ಗೆ ಎರಡು ದಿನ ಇರುವಾಗ ಇಡೀ ತಂಡವನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುವುದು. ಭಕ್ತಿಗೆ ಭಕ್ತಿ, ಕಸರತ್ತಿಗೆ ಕಸರತ್ತು ಎಂಬ ಲೆಕ್ಕ. ಹತ್ತುವುದಕ್ಕಿಂತ ಇಳಿಯುವುದು ತೊಡೆಯ ಸ್ನಾಯುವನ್ನು ಹೆಚ್ಚು ಜಖಂ ಮಾಡುತ್ತದೆ. ನೋವು ಮಾರನೇ ದಿನ ಕಾಣಿಸಿಕೊಂಡು ಎರಡು ಮೂರನೇ ದಿನಕ್ಕೆ ಏರುತ್ತದೆ, ಅಂದರೆ ಸರಿಯಾಗಿ ಪಂದ್ಯದ ದಿನಕ್ಕೆ. ತಾಯಿಯ ದರ್ಶನ ಮಾಡಲೇಬೇಕೆಂದರೆ ಬಸ್ಸಿನಲ್ಲಿ ಹೋಗಿಬನ್ನಿ. ಮೆಟ್ಟಿಲಿನ ಹರಕೆಯನ್ನು ಕಪ್ ಎತ್ತಿದ ಮೇಲೆ ತೀರಿಸಬಹುದು.

ಹಂತ 4. ನಿಂತ ಬಾಲಿನ ಕೆಲಸ

ಸೆಟ್ ಪೀಸ್ ಅಂದರೆ ಆಟ ನಿಂತು ಮತ್ತೆ ಶುರುವಾಗುವ ಕಾರ್ನರ್, ಫ್ರೀಕಿಕ್, ಥ್ರೋ. ಫೈನಲ್‌ನಲ್ಲಿ ಎರಡೂ ಕಡೆಯವರು ಹೆದರಿ ಆಡುವುದರಿಂದ ಚಲಿಸುವ ಬಾಲಿನಲ್ಲಿ ಅವಕಾಶ ಕಮ್ಮಿ, ಹಾಗಾಗಿ ಇವುಗಳ ಬೆಲೆ ಹೆಚ್ಚು. ನಮ್ಮ ರಾಜ್ಯದ ಎರಡು ದೊಡ್ಡ ಫೈನಲ್‌ಗಳನ್ನೇ ನೋಡಿ. 2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ತಂಡ ಎಫ್‌ಸಿ ಗೋವಾ ವಿರುದ್ಧ 1-0ಯಿಂದ ಗೆದ್ದಿತು. ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ಬಂದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟಿದ್ದರು. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಾಗ, ಮೂರನೇ ಗೋಲು ಬಂದದ್ದು ಹಾಫ್ ಟೈಮ್‌ಗೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ಹೊಡೆದ ಫ್ರೀಕಿಕ್‌ನಿಂದ. ಆ ಹಿಂದಿನ ಗೆಲುವು 1968-69ರಲ್ಲಿ, ಆಗ ತಂಡದ ಹೆಸರೇ ಮೈಸೂರು.

ದಾಳಿಗೆ ಎರಡೇ ಕಾರ್ನರ್ ಕಲಿಸಿ: ಒಂದು ಹತ್ತಿರದ ಕಂಬಕ್ಕೆ, ಒಂದು ದೂರದ ಕಂಬಕ್ಕೆ. ಒದೆಯುವವನು ಒಂದು ಕೈ ಎತ್ತಿದರೆ ಮೊದಲನೆಯದು, ಎರಡೂ ಎತ್ತಿದರೆ ಎರಡನೆಯದು. ಗುರುವಾರ ಒಂದೊಂದನ್ನೂ ಹತ್ತು ಸಲ ಮಾಡಿಸಿ. ಐದಾರು ಬಗೆ ಕಲಿಸಿದರೆ ಗದ್ದಲದಲ್ಲಿ ಅರ್ಧ ಜನ ಒಂದು, ಇನ್ನರ್ಧ ಇನ್ನೊಂದು ಓಡುತ್ತಾರೆ.

ರಕ್ಷಣೆಗೆ ಹಾಳೆಯಲ್ಲಿ ಹೀಗೆ ಬರೆಯಿರಿ. ಕೀಪರ್ ಒಬ್ಬ. ಹತ್ತಿರದ ಕಂಬಕ್ಕೆ ಒಬ್ಬ. ಆರು ಗಜದ ಗೆರೆಯುದ್ದಕ್ಕೂ ಮೂವರು, ಇವರು ಜಾಗ ಕಾಯುತ್ತಾರೆ, ಆಳನ್ನಲ್ಲ. ತಲೆ ಕೊಡುವ ನಾಲ್ವರು ಎದುರಾಳಿಗಳಿಗೆ ನಾಲ್ವರು, ಇವರು ಆಳನ್ನು ಬಿಡುವುದಿಲ್ಲ. ಪೆನಾಲ್ಟಿ ಚೌಕದ ಅಂಚಿಗೆ ಒಬ್ಬ, ನಡುಗೆರೆ ಹತ್ತಿರ ಒಬ್ಬ. ಒಟ್ಟು ಹನ್ನೊಂದು. ಕೆಂಪು ಕಾರ್ಡ್ ಬಿದ್ದು ಹತ್ತೇ ಜನರಾದರೆ ನಡುಗೆರೆಯವನು ಒಳಗೆ ಬರಬೇಕು. ಅದನ್ನೂ ಬರೆದಿಡಿ, ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಗೋಲು ತಿನ್ನುವುದು ಎಲ್ಲಿ ಗೊತ್ತೇ? ಸಬ್ ಬಂದ ಕೂಡಲೇ. ಹೊರಗೆ ಹೋದವನು ಎದುರಾಳಿಯ 5ನೇ ನಂಬರ್ ಕಾಯುತ್ತಿದ್ದ, ಒಳಗೆ ಬಂದವನಿಗೆ ಅದು ಗೊತ್ತಿಲ್ಲ. ಅದಕ್ಕೆ ಹಾಳೆಯಲ್ಲಿ ಪ್ರತಿ ಹೆಸರಿನ ಪಕ್ಕ, ಅವನು ಹೊರಬಂದರೆ ಆ ಕೆಲಸ ಯಾರಿಗೆ ಎಂದು ಬರೆಯಿರಿ. ಸಬ್ ಗೆರೆ ದಾಟುವ ಮುನ್ನ ಅವನ ಎಡ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಎದುರಾಳಿಯ ನಂಬರ್ ಬರೆದುಬಿಡಿ. ಬೆವರಿಗೆ ಮಾರ್ಕರ್ ಅಳಿಸುತ್ತದೆ, ಬಾಲ್‌ಪೆನ್ನು ಹತ್ತು ನಿಮಿಷವಾದರೂ ನಿಲ್ಲುತ್ತದೆ, ಅಷ್ಟು ಸಾಕು.

ಹಂತ 5. ಪೆನಾಲ್ಟಿ ಅದೃಷ್ಟ ಎಂದು ಕೈಬಿಡಬೇಡಿ

ಬಾಲ್ ಇಡುವ ಗುರುತು ಗೋಲಿನಿಂದ 11 ಮೀಟರ್, ಗೋಲಿನ ಅಗಲ 7.32 ಮೀಟರ್. ಮೈದಾನದ ನಡುವಿನಿಂದ ಆ ಗುರುತಿಗೆ ಸುಮಾರು 40 ಮೀಟರ್. ಕಾಲು ನಡುಗುವುದು ಒದೆಯುವಾಗಲ್ಲ, ಈ 40 ಮೀಟರ್ ನಡೆಯುವಾಗ. ಆದ್ದರಿಂದ ಅಭ್ಯಾಸದಲ್ಲೂ ನಡುವೃತ್ತದಿಂದ ಒಬ್ಬೊಬ್ಬರೇ ನಡೆದು ಬರಲಿ, ಉಳಿದವರು ಸಾಲಾಗಿ ನಿಂತು ನೋಡಲಿ. ಅಭ್ಯಾಸದ ಕೊನೆಗೆ, ದಣಿದಾಗಲೇ ಮಾಡಿಸಿ. ದಿನಕ್ಕೆ ಒಬ್ಬನಿಗೆ ಎರಡೇ ಒದೆತ, ಹತ್ತು ಒದ್ದರೆ ಅದು ಆಟವಾಗಿಬಿಡುತ್ತದೆ.

ಪ್ರತಿಯೊಬ್ಬನೂ ಒಂದು ಮೂಲೆ ಆರಿಸಿಕೊಂಡು ಅದನ್ನೇ ಒದೆಯಲಿ. ಓಡಿ ಬರುವಾಗ ಮನಸ್ಸು ಬದಲಿಸಿದವನ ಬಾಲೇ ನೇರ ಕೀಪರ್ ಕೈಗೆ ಹೋಗುವುದು. ರೆಫರಿ ಸೀಟಿ ಊದಿದ ತಕ್ಷಣ ಒದೆಯಲು ಧಾವಿಸುವವರು ಹೆಚ್ಚು ತಪ್ಪುತ್ತಾರೆ ಎಂದು ದೊಡ್ಡ ಟೂರ್ನಿಗಳನ್ನು ಅಧ್ಯಯನ ಮಾಡಿದ ನಾರ್ವೆಯ ಸಂಶೋಧಕ ಗೇರ್ ಯೊರ್ಡೆಟ್ ತೋರಿಸಿದ್ದಾರೆ. ಸೀಟಿ ಆದ ಮೇಲೆ ಒಂದು ಉಸಿರು ಪೂರ್ತಿ ಬಿಡುವುದನ್ನು ರೂಢಿ ಮಾಡಿಸಿ.

ನಿಯಮದಲ್ಲಿ ಹಲವರು ಎಡವುವ ಜಾಗ: ಪಂದ್ಯ ಮುಗಿದಾಗ ಮೈದಾನದಲ್ಲಿದ್ದವರು ಮಾತ್ರ ಒದೆಯಬಹುದು. ನಿಮ್ಮ ಒಳ್ಳೆಯ ಒದೆಗಾರನನ್ನು 85ನೇ ನಿಮಿಷದಲ್ಲಿ ಹೊರಗೆ ಕರೆದರೆ ಅವನು ಬೆಂಚಿನಲ್ಲೇ. ಎರಡು ಟಾಸ್ ಇರುತ್ತದೆ, ಒಂದು ಯಾವ ಗೋಲು ಎಂಬುದಕ್ಕೆ, ಇನ್ನೊಂದು ಯಾರು ಮೊದಲು ಎಂಬುದಕ್ಕೆ. ಒದೆಯುವ ಕ್ಷಣದಲ್ಲಿ ಕೀಪರ್‌ನ ಒಂದು ಪಾದವಾದರೂ ಗೆರೆಯ ಮೇಲಿರಬೇಕು.

ಸಿದ್ಧತೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2014ರ ವಿಶ್ವಕಪ್ ನೋಡಿ. ಕೋಸ್ಟರಿಕಾ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಕೋಚ್ ವ್ಯಾನ್ ಗಾಲ್ ಕೊನೆಯ ಸಬ್ ಉಳಿಸಿಕೊಂಡು, ಹೆಚ್ಚುವರಿ ಸಮಯ ಮುಗಿಯುವ ಗಳಿಗೆಯಲ್ಲಿ ಕೀಪರ್ ಬದಲಿಸಿ ಟಿಮ್ ಕ್ರುಲ್‌ನನ್ನು ಇಳಿಸಿದರು. ಕ್ರುಲ್ ಎರಡು ಪೆನಾಲ್ಟಿ ತಡೆದ. ಅರ್ಜೆಂಟೀನಾ ಎದುರಿನ ಸೆಮಿಫೈನಲ್‌ನಲ್ಲಿ ಸಬ್‌ಗಳೆಲ್ಲ ಖಾಲಿಯಾಗಿದ್ದವು, ಕ್ರುಲ್ ಬೆಂಚಿನಲ್ಲೇ ಕೂತ, ತಂಡ ಪೆನಾಲ್ಟಿಯಲ್ಲಿ ಸೋತಿತು. 2006ರ ವಿಶ್ವಕಪ್‌ನಲ್ಲಿ ಜರ್ಮನಿಯ ಕೀಪರ್ ಲೆಹ್ಮನ್ ಅರ್ಜೆಂಟೀನಾದವರು ಯಾವ ಕಡೆ ಒದೆಯುತ್ತಾರೆಂದು ಬರೆದ ಚೀಟಿಯನ್ನು ಕಾಲುಚೀಲದಲ್ಲೇ ಇಟ್ಟುಕೊಂಡಿದ್ದ. ನಿಮ್ಮ ಎದುರಾಳಿ ಇದೇ ಟೂರ್ನಿಯಲ್ಲಿ ಪೆನಾಲ್ಟಿ ಹೊಡೆದಿದ್ದರೆ ಅಂಥದೇ ಚೀಟಿ ಕೀಪರ್‌ನ ನೀರಿನ ಬಾಟಲಿಗೆ ಅಂಟಿಸಿ.

ಹಂತ 6. ಹನ್ನೊಂದು ಜನರ ಹೆಸರು

ಹಿಂದಿನ ಸಂಜೆಯೇ ಹೇಳಿ. ಸೆಮಿಫೈನಲ್ ಆಡಿ ಈಗ ಜಾಗ ಕಳೆದುಕೊಂಡವನಿಗೆ ಎಲ್ಲರೆದುರು ಹೇಳುವ ಮೊದಲು ಪಕ್ಕಕ್ಕೆ ಕರೆದು ಎರಡು ಮಾತಲ್ಲಿ ಕಾರಣ ಕೊಡಿ, ಯಾವಾಗ ಇಳಿಸಬಹುದೆಂದೂ ತಿಳಿಸಿ. ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಹಾಕಿ ಕೈತೊಳೆದುಕೊಂಡರೆ ಮಾರನೇ ದಿನ ಬೆಂಚಿನಲ್ಲಿ ಮುಖ ಊದಿಸಿಕೊಂಡು ಐವರು ಕೂತಿರುತ್ತಾರೆ. ಪೂರ್ತಿ ವಾಸಿಯಾಗದ ಸ್ಟಾರ್ ಆಟಗಾರನನ್ನು "ಫೈನಲ್ ಅಲ್ವಾ" ಎಂದು ಇಳಿಸಬೇಡಿ. ಅವನು ಇಪ್ಪತ್ತನೇ ನಿಮಿಷಕ್ಕೆ ಕುಂಟಿದರೆ ಒಂದು ಸಬ್ ಹೋಯಿತು, ಹೂಡಿದ್ದ ಲೆಕ್ಕವೂ ಹೋಯಿತು.

1962ರ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ಕೋಚ್ ರಹೀಂ ಫಾರ್ವರ್ಡ್ ಮಾಡಿ ಆಡಿಸಿದರು, ಅವರು ಗೋಲನ್ನೂ ಹೊಡೆದರು, ದಕ್ಷಿಣ ಕೊರಿಯಾ ವಿರುದ್ಧ ಭಾರತ 2-1ರಿಂದ ಗೆದ್ದಿತು. ಆಟಗಾರ ಇನ್ನೆಲ್ಲಿ ಆಡಬಲ್ಲ ಎಂಬುದು ಕೋಚ್‌ಗೆ ಗೊತ್ತಿರಬೇಕು ಎಂಬಷ್ಟಕ್ಕೆ ಈ ಉದಾಹರಣೆ. ತಲೆಗೆ ಪೆಟ್ಟಾದವರನ್ನು ಆಡಿಸುವುದನ್ನು ಅದರಿಂದ ಕಲಿಯಬೇಡಿ. ಪಂದ್ಯದಲ್ಲಿ ಯಾರಿಗಾದರೂ ತಲೆ ಬಡಿದು ಮಂಕು ಕವಿದರೆ ಅವನ ಆಟ ಅಲ್ಲಿಗೆ ಮುಗಿಯಿತು, ಡಾಕ್ಟರ್ ಬಳಿ ಕಳಿಸಿ.

ಹಂತ 7. ಊಟ, ನೀರು

ಪಂದ್ಯಕ್ಕೆ ಮೂರೂವರೆ ಗಂಟೆ ಮುಂಚೆ ಅನ್ನ, ತಿಳಿಸಾರು, ಸ್ವಲ್ಪ ಮೊಸರು, ಪಲ್ಯ. ಮುದ್ದೆ ಒಳ್ಳೆಯದೇ, ಆದರೆ ನಿಧಾನಕ್ಕೆ ಕರಗುವಂಥದ್ದು, ಅದನ್ನು ಹಿಂದಿನ ರಾತ್ರಿಗೆ ಇಟ್ಟುಕೊಳ್ಳಿ. ಅವರೆಕಾಳು, ಕಾಳಿನ ಬಸ್ಸಾರು, ಬಿರಿಯಾನಿ ಆ ದಿನ ಬೇಡ. ಒಂದು ಗಂಟೆ ಮುಂಚೆ ಏಲಕ್ಕಿ ಬಾಳೆ ಒಂದೆರಡು. ಕಾಫಿ ರೂಢಿ ಇದ್ದವರು ಒಂದು ಲೋಟ ಕುಡಿಯಲಿ, ಇಲ್ಲದವರಿಗೆ ಇವತ್ತೇ ಶುರು ಮಾಡಿಸಬೇಡಿ.

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ನಿಂಬೆ ಹಿಂಡಿ. ಉಪ್ಪು ಜಾಸ್ತಿ ಆದರೆ ವಾಂತಿ, ಕಣ್ಣಂದಾಜು ಬೇಡ.

ಹಂತ 8. ಪಂದ್ಯದ ದಿನ, ಕಿಕ್‌ಆಫ್ 4ಕ್ಕೆ ಇದ್ದರೆ

2.30ಕ್ಕೆ ಮೈದಾನದಲ್ಲಿರಿ. ಹಾಳೆಗಳನ್ನು ಗೋಡೆಗೆ, ಕೋಣೆಯೇ ಇಲ್ಲದಿದ್ದರೆ ಬಸ್ಸಿನ ಕಿಟಕಿಗೆ ಅಂಟಿಸಿ. 2.50ಕ್ಕೆ ಮೊಬೈಲ್‌ಗಳೆಲ್ಲ ಒಂದು ಚೀಲಕ್ಕೆ. ಪೂಜೆ, ನಿಂಬೆಹಣ್ಣು, ಕುಂಕುಮ ಏನಿದ್ದರೂ 3ರೊಳಗೆ ಮುಗಿಯಲಿ. 3.15ಕ್ಕೆ ವಾರ್ಮ್‌ಅಪ್: ಫಿಫಾ ರೂಪಿಸಿದ 11+ ಎಂಬ 15 ವ್ಯಾಯಾಮದ ಕ್ರಮ ಸುಮಾರು 20 ನಿಮಿಷ ಹಿಡಿಯುತ್ತದೆ, ಗಾಯ ತಡೆಯಲೆಂದೇ ಮಾಡಿದ್ದು. ಅದಾದ ಮೇಲೆ ಹತ್ತು ನಿಮಿಷ ಬಾಲಿನ ಜೊತೆ. 3.47ಕ್ಕೆ ಒಳಗೆ.

ಇನ್ನು ನಮ್ಮ ಕಡೆಯ ಅಸಲಿ ಶತ್ರು: ಮುಖ್ಯ ಅತಿಥಿ. ಅವರು ತಡವಾಗಿ ಬರುತ್ತಾರೆ, ಹಾರ, ಭಾಷಣ, ಕೈಕುಲುಕುವುದು, ಫೋಟೊ, ಅಷ್ಟರಲ್ಲಿ ಬಿಸಿಯಾದ ಮೈ ತಣ್ಣಗಾಗಿರುತ್ತದೆ. ಮೊದಲ ಓಟಕ್ಕೇ ತೊಡೆ ಹಿಡಿದುಕೊಳ್ಳುವುದು ಹೀಗೆ. ಅವರ ಕಾರು ಬಂದಿದೆಯೇ ಎಂದು ಸಮಿತಿಯವರನ್ನು 3.10ಕ್ಕೇ ಕೇಳಿ. ಬಂದಿಲ್ಲವಾದರೆ ವಾರ್ಮ್‌ಅಪ್ ತಡಮಾಡಿ. ಸಾಲಾಗಿ ನಿಲ್ಲುವಾಗ ಮೇಲೊಂದು ಜಾಕೆಟ್ ಇರಲಿ, ಪರಿಚಯ ಮುಗಿದ ಕೂಡಲೇ 15 ಮೀಟರಿನ ಮೂರು ಜೋರು ಓಟ ಓಡಿಸಿಯೇ ಆಟಕ್ಕೆ ನಿಲ್ಲಿಸಿ.

ಕೊನೆಯ ಮಾತು ಮೂರು ನಿಮಿಷ ಮೀರದಿರಲಿ. ಊರಿನ ಮಾನ, ಅಪ್ಪ ಅಮ್ಮನ ಕಷ್ಟ, ಇದೇ ಕೊನೆಯ ಅವಕಾಶ, ಇವ್ಯಾವುವೂ ಬೇಡ. ಗೋಲಿಗೆ ಇಷ್ಟು ಸಾವಿರ ಎಂದು ಯಾರಾದರೂ ಘೋಷಿಸಲು ಬಂದರೆ ಬಾಗಿಲಲ್ಲೇ ತಡೆಯಿರಿ, ಫಾರ್ವರ್ಡ್ ಪಾಸು ಕೊಡುವುದನ್ನು ಬಿಟ್ಟು 30 ಮೀಟರಿನಿಂದ ಒದೆಯಲು ಶುರು ಮಾಡುತ್ತಾನೆ. ಮಾತು ಹೀಗಿರಲಿ:

"ಮೊದಲ ಹತ್ತು ನಿಮಿಷ ಎರಡೇ ಕೆಲಸ. ಬಾಲ್ ಸಿಕ್ಕಿದ್ರೆ ಸುಲಭದ ಪಾಸು, ಹಿಂದಕ್ಕಾದ್ರೂ ಪರವಾಗಿಲ್ಲ. ಕಳ್ಕೊಂಡ್ರೆ ಹತ್ತಿರ ಇರೋನು ಮೇಲೆ ಬೀಳ್ಲಿ, ಮಿಕ್ಕೋರು ಒಳಗೆ ಬನ್ನಿ. ಕಾರ್ನರ್ ಬಂದ್ರೆ ನಿಮ್ಮ ನಂಬರ್ ಹುಡ್ಕಿ. ನಡೀರಿ."

ಎಲ್ಲರಿಗೂ ಒಂದೇ ಮದ್ದಲ್ಲ. ಮೂಲೆಯಲ್ಲಿ ಆಕಳಿಸುತ್ತ ಕೂತವನು ಸೋಮಾರಿ ಅಲ್ಲದಿರಬಹುದು, ಆತಂಕಕ್ಕೂ ಆಕಳಿಕೆ ಬರುತ್ತದೆ. ಅವನ ಪಕ್ಕ ಕೂತು ಬೇರೇನಾದರೂ ಮಾತಾಡಿ. ಅತಿ ಹಾರಾಡುವವನಿಗೆ ಬಾಟಲಿ ತುಂಬಿಸುವ ಕೆಲಸ ಕೊಡಿ. ನಿಜಕ್ಕೂ ಕಾವು ಬೇಕಾದವನು ತಂಡದಲ್ಲಿ ಒಬ್ಬನೋ ಇಬ್ಬರೋ, ಅವರ ಕಿವಿಯಲ್ಲಿ ಹೇಳಿದರೆ ಸಾಕು.

ಹಂತ 9. ಹಾಫ್ ಟೈಮ್

ಸಿಗುವುದು 15 ನಿಮಿಷ, ನಡೆದು ಬಂದು ಹೋಗುವುದಕ್ಕೇ ನಾಲ್ಕು ನಿಮಿಷ ಹೋಗುತ್ತದೆ. ಮೊದಲ ಮೂರು ನಿಮಿಷ ನೀವು ಬಾಯಿ ತೆರೆಯಬೇಡಿ, ಅವರು ಕುಡಿಯಲಿ, ಉಸಿರಾಡಲಿ. ಅಷ್ಟರಲ್ಲಿ ಪ್ರಥಮ ಚಿಕಿತ್ಸೆ ನೋಡುವವರನ್ನು ಕೇಳಿ ಯಾರಿಗೆ ಏನು ನೋವಿದೆ ತಿಳಿದುಕೊಳ್ಳಿ. ಆಮೇಲೆ ಎರಡು ಅಂಶ, ಎರಡೇ. ಆಮೇಲೆ ಒಬ್ಬೊಬ್ಬರಿಗೆ ಬೇಕಾದ್ದು.

ಆ ಕೇಳುವುದು ಯಾಕೆ ಮುಖ್ಯ ಎಂಬುದಕ್ಕೆ ಇಸ್ತಾಂಬುಲ್‌ನಲ್ಲಿ ನಡೆದ 2005ರ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿ. ಮಿಲಾನ್ ಎದುರು ಹಾಫ್ ಟೈಮ್‌ಗೆ 0-3 ಹಿಂದಿದ್ದ ಲಿವರ್‌ಪೂಲ್‌ನ ಕೋಚ್ ಬೆನಿಟೆಜ್, ಡಿಫೆಂಡರ್ ತ್ರಾವೊರೆಯನ್ನು ಹೊರಗಿಡುವುದಾಗಿ ಹೇಳಿಯಾಗಿತ್ತು. ಇನ್ನೊಬ್ಬ ಡಿಫೆಂಡರ್ ಫಿನ್ನನ್‌ಗೆ ಗಾಯ, ಅವನು ಆಡಲಾರ ಎಂದು ಫಿಸಿಯೊ ತಿಳಿಸಿದ ಮೇಲೆ ನಿರ್ಧಾರ ಬದಲಿಸಿ, ಫಿನ್ನನ್ ಬದಲು ಮಿಡ್‌ಫೀಲ್ಡರ್ ಹಾಮನ್‌ನನ್ನು ಇಳಿಸಿ, ಹಿಂದೆ ಮೂವರನ್ನು ನಿಲ್ಲಿಸಿದರು. ಆರೇ ನಿಮಿಷದಲ್ಲಿ ಮೂರು ಗೋಲು ಬಂತು, ಕೊನೆಗೆ ಪೆನಾಲ್ಟಿಯಲ್ಲಿ ಕಪ್ ಬಂತು. ಜನ ಇಂದಿಗೂ ಅಂದಿನ ಭಾಷಣ ಏನಿತ್ತು ಅಂತ ಕೇಳುತ್ತಾರೆ. ನೀವು ಗಮನಿಸಬೇಕಾದ್ದು ಮಿಲಾನ್‌ನ ಕಾಕಾನ ಓಟಕ್ಕೆ ಅಡ್ಡ ನಿಂತ ಹಾಮನ್‌ನನ್ನು.

ಹಂತ 10. ಕೊನೆಯ ಇಪ್ಪತ್ತು ನಿಮಿಷ

ಮುನ್ನಡೆ ಇದ್ದರೆ ಪೂರ್ತಿ ಹಿಂದೆ ಸರಿಯಬೇಡಿ, ಮುಂದೆ ಒಬ್ಬನಾದರೂ ಇರಲಿ. ಇಲ್ಲವಾದರೆ ಒದ್ದ ಬಾಲ್ ಮತ್ತೆ ನಿಮ್ಮ ಮೇಲೇ ಬರುತ್ತದೆ. ಹಿಂದಿದ್ದರೆ ಎಷ್ಟನೇ ನಿಮಿಷಕ್ಕೆ ಯಾವ ಬದಲಾವಣೆ ಎಂದು ಹಿಂದಿನ ರಾತ್ರಿ ಬರೆದದ್ದನ್ನೇ ಮಾಡಿ, ಪ್ರೇಕ್ಷಕರ ಕೂಗಿಗೆ ಕಿವಿಗೊಡಬೇಡಿ. ಮೀನಖಂಡ ಹಿಡಿದುಕೊಳ್ಳುವುದು ಈ ಹೊತ್ತಿಗೇ, ಅದಕ್ಕೊಂದು ಸಬ್ ಜೇಬಿನಲ್ಲಿರಲಿ. ಸಮ ಇದ್ದರೆ 80ನೇ ನಿಮಿಷಕ್ಕೆ ಪೆನಾಲ್ಟಿ ಪಟ್ಟಿ ತೆಗೆದು, ಹೊರಗೆ ಬಂದವರ ಹೆಸರು ಹೊಡೆದುಹಾಕಿ ಮತ್ತೆ ಬರೆಯಿರಿ. ಐದು ಹೆಸರಿಗೆ ನಿಲ್ಲಿಸಬೇಡಿ. ಐದರ ನಂತರವೂ ಸಮವಾದರೆ ಒಂದೊಂದೇ ಒದೆತ ಮುಂದುವರಿಯುತ್ತದೆ, ಹನ್ನೊಂದನೆಯವನವರೆಗೂ. ಆರನೆಯವನು ಯಾರೆಂದು ಆಗ ಗುಂಪಿನಲ್ಲಿ ಕೇಳಿದರೆ ಎಲ್ಲರೂ ಬೂಟಿನ ದಾರ ಕಟ್ಟಲು ಬಗ್ಗುತ್ತಾರೆ. ಹನ್ನೊಂದೂ ಹೆಸರು ಬರೆದು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಸಹಾಯಕನ ಕೈಗೆ ಕೊಡಿ.